ಎದೆಮಟ್ಟದ ನೀರಿನಲ್ಲಿ

ನೀರಿನಲ್ಲಿ ನಡೆಯುವುದು ಈಜು ಬಾರದವರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಈಜು ಬರುತ್ತದೆ. ಹುಣಸೂರಿನ ಹತ್ತಿರ ನಮ್ಮ ತಾತನ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಕಲಿತ ಈಜು ಅದು. ಕೈಕಾಲು ಇನ್ನೂ ಮರೆತಿಲ್ಲ. ಆದರೂ ಬೆಳಗ್ಗೆ ಮೈಸೂರಿನ ನಮ್ಮ ಈಜುಕೊಳಕ್ಕೆ ಇಳಿದರೆ ನಾನು ಹೆಚ್ಚು ಹೊತ್ತು ಮಾಡುವುದು ನಡಿಗೆಯನ್ನೇ. ಎದೆಮಟ್ಟದ ನೀರು, ತಳದ ಟೈಲ್ಸಿನ ಮೇಲೆ ಊರಿದ ಪಾದ, ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಇಷ್ಟು ಸುಖ ಕೊಡುವ ಕೆಲಸ ನನ್ನ ದಿನದಲ್ಲಿ ಇನ್ನೊಂದಿಲ್ಲ. ನಾನು ದಪ್ಪಗಿದ್ದೇನೆ, ಬಿಪಿ ಇದೆ, ಅಪ್ಪನ ಕಡೆಯವರಲ್ಲಿ ಹೃದಯದ ತೊಂದರೆ ಬಹಳ. ಹಾಗಾಗಿ ಈ ಸುಖ ನನ್ನ ಪಾಲಿಗೆ ಔಷಧವೂ ಹೌದು. ಮೊದಲು ಹಿಡಿಸಿತು, ಗುಣ ಆಮೇಲೆ ಗೊತ್ತಾಯಿತು.

ನಡೆಯುವುದರಲ್ಲಿ ಕಲಿಯುವುದು ಏನಿದೆ ಎನ್ನಬಹುದು. ಬಹಳ ಇದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಮೊದಲ ಹೆಜ್ಜೆ ಎತ್ತಿದ ಕೂಡಲೇ ಎದೆ, ಹೊಟ್ಟೆ, ತೊಡೆ ಎಲ್ಲದಕ್ಕೂ ಅಡ್ಡ ನಿಲ್ಲುತ್ತದೆ. ಹೊಸಬರು ಮುಂದಕ್ಕೆ ಬಾಗಿ ತಲೆಯಿಂದಲೇ ದಾರಿ ಬಿಡಿಸಿಕೊಳ್ಳಲು ನೋಡುತ್ತಾರೆ, ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಬೆನ್ನು ನೆಟ್ಟಗಿರಬೇಕು, ಹೊಟ್ಟೆಯನ್ನು ಕೊಂಚ ಒಳಕ್ಕೆ ಎಳೆದಿರಬೇಕು. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಆಮೇಲೆ ಅಂಗಾಲು, ಕೊನೆಗೆ ಬೆರಳು. ಮೈ ಹಗುರವಾಗಿರುವುದರಿಂದ ತುದಿಗಾಲಲ್ಲೇ ಹೋಗಿಬಿಡೋಣ ಅನ್ನಿಸುತ್ತದೆ. ಹಾಗೆ ಹೋದರೆ ಮೀನಖಂಡ ಹಿಡಿಯುತ್ತದೆ.

ಕೈಗಳದ್ದು ಇನ್ನೊಂದು ಪಾಠ. ಅಂಗೈಯ ಅಂಚಿನಿಂದ ನೀರನ್ನು ಸೀಳಿ ತಂದರೆ ಕೈ ಸಲೀಸಾಗಿ ಬರುತ್ತದೆ. ಅದೇ ಅಂಗೈಯನ್ನು ಅಗಲ ಮಾಡಿ ಹಿಂದಕ್ಕೆ ತಳ್ಳಿದರೆ ಭಾರ ಭುಜದ ತನಕ ಏರುತ್ತದೆ. ಡಂಬೆಲ್ ಬೇಡ, ಯಂತ್ರ ಬೇಡ, ಮಣಿಕಟ್ಟು ತಿರುಗಿಸಿದರೆ ಸಾಕು. ವೇಗದ ಲೆಕ್ಕವೂ ಹೀಗೆಯೇ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ನಿಧಾನ ನಡೆದವರಿಗೆ ಅದು ಮೆತ್ತಗೆ, ರಭಸದಿಂದ ಹೋದವರಿಗೆ ಬಿರುಸು. ಇಪ್ಪತ್ತರ ಹುಡುಗಿಯೂ ಎಪ್ಪತ್ತರ ಅಜ್ಜಿಯೂ ಅದೇ ನೀರಿನಲ್ಲಿ ತಂತಮ್ಮ ತ್ರಾಣಕ್ಕೆ ತಕ್ಕ ಕೆಲಸ ಮಾಡುವುದು ಹೀಗೆ ಸಾಧ್ಯವಾಗುತ್ತದೆ.

ಹಿಂದಕ್ಕೆ ನಡೆಯುವುದು ಇನ್ನೂ ಚೆಂದ. ನೆಲದ ಮೇಲೆ ಹಿಂದಕ್ಕೆ ನಡೆಯಲು ನಮ್ಮಂಥವರಿಗೆ ಬೀಳುವ ಭಯ. ಇಲ್ಲಿ ಬಿದ್ದರೂ ನೀರು ಹಿಡಿದುಕೊಳ್ಳುತ್ತದೆ. ಹಿಂದಕ್ಕೆ ಹೆಜ್ಜೆ ಹಾಕುವಾಗ ಪೃಷ್ಠದ ಸ್ನಾಯು, ತೊಡೆಯ ಹಿಂಬದಿ, ಬೆನ್ನಿನ ಕೆಳಭಾಗ ಎಲ್ಲ ಕೆಲಸಕ್ಕೆ ಬರುತ್ತವೆ. ಇಡೀ ದಿನ ಕುರ್ಚಿಯಲ್ಲಿ ಕೂತು ಮರಗಟ್ಟಿದ ಜಾಗಗಳು ಇವೇ. ಅಡ್ಡಡ್ಡ ನಡಿಗೆ ಬೇರೆ, ಮಂಡಿಯನ್ನು ಸೊಂಟದ ಎತ್ತರಕ್ಕೆ ಎತ್ತಿ ನಡೆಯುವುದು ಬೇರೆ. ಇವೆಲ್ಲವನ್ನೂ ಮೀರಿದ್ದು ನಮ್ಮ ಬ್ಯಾಚಿನ ಸುತ್ತು. ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು ವೃತ್ತವಾಗಿ ನಡೆಯುತ್ತೇವೆ. ಮೊದಲು ಏನೂ ಗೊತ್ತಾಗುವುದಿಲ್ಲ. ನಾಲ್ಕಾರು ಸುತ್ತಾಗುವಷ್ಟರಲ್ಲಿ ನೀರೂ ನಮ್ಮ ಜೊತೆ ತಿರುಗಲು ಶುರುವಾಗುತ್ತದೆ, ಹಿಂದಿನಿಂದ ಯಾರೋ ಸೊಂಟಕ್ಕೆ ಕೈಕೊಟ್ಟು ನಡೆಸಿದ ಹಾಗೆ. ಹೆಜ್ಜೆ ತಾನಾಗಿ ಓಡುತ್ತದೆ. ಆಗ ಕೋಚ್ ಹುಡುಗಿ ದಂಡೆಯ ಮೇಲಿಂದ, “ಆಂಟೀ, ಎಲ್ಲಾರೂ ತಿರುಗಿ!” ಎಂದು ಕೂಗುತ್ತಾಳೆ. ತಿರುಗಿದರೆ ನಾವೇ ಎಬ್ಬಿಸಿದ ಸೆಳೆತ ಎದುರು ನಿಂತಿರುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ನೂಕುತ್ತದೆ. ಎಲ್ಲರೂ ಕಿಲಕಿಲ ನಗುತ್ತಾರೆ, ಯಾರೂ ನಿಲ್ಲುವುದಿಲ್ಲ. ಆ ಎರಡು ಮೂರು ನಿಮಿಷದಲ್ಲಿ ಹೃದಯಕ್ಕೆ ಸಿಗುವ ಕೆಲಸ ನನಗೆ ಎಷ್ಟೋ ವರ್ಷ ನೆಲದ ಮೇಲೆ ಸಿಕ್ಕಿರಲಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ದಪ್ಪಗಿರುವವರಿಗೆ ಡಾಕ್ಟರು ಕೊಡುವ ಮೊದಲ ಸಲಹೆ ವಾಕಿಂಗ್. ಸಲಹೆ ಸರಿಯಾದದ್ದೇ. ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾನು ನಡೆಯುತ್ತಿದ್ದ ದಿನಗಳಲ್ಲಿ ಆಗುತ್ತಿದ್ದದ್ದು ಬೇರೆ. ಎದೆಬಡಿತ ಏರಿ ಮೈ ಬಿಸಿಯಾಗುವ ಹೊತ್ತಿಗೆ ಮಂಡಿ ಬೇಡ ಎನ್ನುತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತು ಮಂಡಿ ಉಜ್ಜಿಕೊಂಡು ಮನೆಗೆ ಬರುವುದು, ಮಾರನೆಯ ದಿನ ನೋವೆಂದು ತಪ್ಪಿಸುವುದು. ಅಧಿಕ ತೂಕದ, ಮಂಡಿ ಸವೆದ ಹಿರಿಯರನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು 2005ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು: ಮೈತೂಕದಲ್ಲಿ ಒಂದು ಕಿಲೋ ಕಡಿಮೆಯಾದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಅದನ್ನು ತಿರುಗಿಸಿ ಓದಿದರೆ ಹೆಚ್ಚುವರಿ ಇಪ್ಪತ್ತು ಕಿಲೋ ಹೊತ್ತವರ ಮಂಡಿ ಏನು ಅನುಭವಿಸುತ್ತದೆ ಎಂದು ತಿಳಿಯುತ್ತದೆ. ನೆಲದ ಮೇಲೆ ನಮ್ಮಲ್ಲಿ ಮೊದಲು ಸೋಲುವುದು ಕೀಲು. ಹೃದಯದ ಸರದಿ ಬರುವುದೇ ಇಲ್ಲ. ಇದನ್ನು ನೋಡಿದವರು ಸೋಮಾರಿ ಎನ್ನುತ್ತಾರೆ. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ, ಏಕೆಂದರೆ ಅದು ಸುಳ್ಳು.

ನೀರಿನಲ್ಲಿ ಈ ಸರದಿ ಬದಲಾಗುತ್ತದೆ. ಸೊಂಟಮಟ್ಟ ಇಳಿದರೆ ಕಾಲಿನ ಮೇಲೆ ಬೀಳುವುದು ಮೈತೂಕದ ಅರ್ಧದಷ್ಟು, ಎದೆಮಟ್ಟ ಇಳಿದರೆ ಸುಮಾರು ಮೂರನೇ ಒಂದು ಪಾಲು, ಕುತ್ತಿಗೆಮಟ್ಟ ಇಳಿದರೆ ಹತ್ತನೇ ಒಂದು ಪಾಲು. 90 ಕಿಲೋದವರು ಎದೆಮಟ್ಟದ ನೀರಿನಲ್ಲಿ 30 ಕಿಲೋದ ಕಾಲಿನಲ್ಲಿ ನಡೆಯುತ್ತಾರೆ. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ದಪ್ಪಗಿರುವವರು ತೆಳ್ಳಗಿನವರಿಗಿಂತ ಸುಲಭವಾಗಿ ತೇಲುತ್ತಾರೆ. ಊರೆಲ್ಲ ಬೈದ ಮೈಯನ್ನು ನೀರು ಸುಮ್ಮನೆ ಎತ್ತಿಕೊಳ್ಳುತ್ತದೆ. ಕುತ್ತಿಗೆ ತನಕ ಇಳಿದ ಮೇಲೆ ಯಾರ ಸೊಂಟ ಎಷ್ಟು ಎಂದು ನೋಡುವವರೂ ಇರುವುದಿಲ್ಲ. ಕೊಳದಲ್ಲಿ ಕಾಣುವುದು ರಬ್ಬರ್ ಟೋಪಿ ಹಾಕಿದ ತಲೆಗಳು ಮಾತ್ರ.

ಸುಲಭವಾಗಿ ತೇಲುವವರಿಗೆ ಒಂದು ವಿದ್ಯೆ ಮಾತ್ರ ಕಡ್ಡಾಯ: ತೇಲುತ್ತಿರುವಾಗ ಎದ್ದು ನಿಲ್ಲುವುದು. ಅಂಗಾತ ಮಲಗಿದರೆ ಕಾಲು ಮೇಲೆ ಬಂದುಬಿಡುತ್ತದೆ, ಕೆಳಕ್ಕೆ ಒತ್ತಿದರೂ ಬರುವುದಿಲ್ಲ, ಗಾಬರಿಯಾಗುತ್ತದೆ. ಆಗ ಕಾಲನ್ನು ಒತ್ತಲು ಹೋಗಬಾರದು. ಎರಡೂ ಮಂಡಿಗಳನ್ನು ಹೊಟ್ಟೆಯ ಹತ್ತಿರ ತಂದುಕೊಳ್ಳಬೇಕು. ಗದ್ದವನ್ನು ಎದೆಗೆ ತಗ್ಗಿಸಿ, ಚಾಚಿದ ಕೈಗಳಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ಬಾಚಬೇಕು. ಮೈ ತಾನಾಗಿ ಕೂತ ಭಂಗಿಗೆ ಬರುತ್ತದೆ. ಆಗ ಕಾಲು ಚಾಚಿದರೆ ಅಂಗಾಲಿಗೆ ಟೈಲ್ಸು ಸಿಗುತ್ತದೆ. ಇದು ಕೈವಶವಾದವರಿಗೆ ನೀರಿನ ಭಯ ಅರ್ಧ ಹೋದಂತೆಯೇ. ನಾನು ಹೊಸಬರಿಗೆ ಮೊದಲು ಹೇಳಿಕೊಡುವುದು ಇದನ್ನೇ, ನಡಿಗೆ ಆಮೇಲೆ.

ಇನ್ನು ಹೃದಯದ ವಿಷಯ. ಮೈತೂಕ ಹೆಚ್ಚಿದಾಗ ರಕ್ತ ಹರಿಯಬೇಕಾದ ಪ್ರದೇಶವೂ ಹೆಚ್ಚುತ್ತದೆ. ಹೃದಯ ಹಗಲಿರುಳು ಹೆಚ್ಚು ರಕ್ತ ನೂಕುತ್ತಿರಬೇಕು. ಬಿಪಿ ಜೊತೆಗೂಡಿದರೆ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತಾ ಬರುತ್ತದೆ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು, ಕೇಡೂ ಬೇಗ. ಅದಕ್ಕೇ ನಮ್ಮ ವೈದ್ಯರು ಬೊಜ್ಜಿನ ಬಿಎಂಐ ಗಡಿಯನ್ನು 30ರ ಬದಲು 25ಕ್ಕೇ ಇಟ್ಟಿದ್ದಾರೆ. ಇಂಥ ಹೃದಯಕ್ಕೆ ನೀರು ಏನು ಮಾಡುತ್ತದೆ ಎಂದು ನನಗೆ ಬಿಡಿಸಿ ಹೇಳಿದವರು ನಮ್ಮ ಬ್ಯಾಚಿನ ನಿವೃತ್ತ ನರ್ಸ್ ಒಬ್ಬರು. ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಅವರು ಹೇಳಿದ್ದನ್ನು ಆಮೇಲೆ ನಾನೂ ಹುಡುಕಿ ಓದಿದೆ. ಓದಿದಷ್ಟೂ ಬೆರಗು ಹೆಚ್ಚಿತು.

ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚು. ನಾಲ್ಕಡಿ ಆಳದಲ್ಲಿ ಪಾದದ ಮೇಲೆ ಬೀಳುವ ಒತ್ತಡ, ಬಿಪಿ ಅಳೆಯುವ ಪಾದರಸದ ಲೆಕ್ಕದಲ್ಲಿ, ಸುಮಾರು 90. ಕಾಲು ಊದಿಕೊಳ್ಳುವವರಿಗೆ ಡಾಕ್ಟರು ಬರೆದುಕೊಡುವ ಬಿಗಿ ಕಾಲುಚೀಲದ ಒತ್ತಡ ಸಾಮಾನ್ಯವಾಗಿ 20–30. ಪಾದದಲ್ಲಿ ಅತಿ ಹೆಚ್ಚು, ಮೇಲಕ್ಕೆ ಬಂದಂತೆ ಕಡಿಮೆ. ಹೀಗೆ ಹದವಾಗಿ ಒತ್ತುತ್ತಾ ನೀರು ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತ ರಕ್ತವನ್ನು ಎದೆಗೆ ಏರಿಸುತ್ತದೆ. ಕುತ್ತಿಗೆಮಟ್ಟ ನಿಂತವರ ಎದೆಗೂಡಿಗೆ ಹೀಗೆ ಹೆಚ್ಚುವರಿಯಾಗಿ ಬರುವ ರಕ್ತ ಸುಮಾರು 700 ಮಿಲಿಲೀಟರ್. ಹೃದಯದ ಕೋಣೆಗಳು ತುಂಬಿ ಹಿಗ್ಗುತ್ತವೆ. ಹಿಗ್ಗಿದ ಹೃದಯಸ್ನಾಯು ಇನ್ನೂ ಬಲವಾಗಿ ಕುಗ್ಗುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇಬ್ಬರ ಹೆಸರಿನಲ್ಲಿ ವೈದ್ಯವಿದ್ಯಾರ್ಥಿಗಳು ಓದುವ ನಿಯಮ ಇದು. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಮೂರನೇ ಒಂದರಷ್ಟು ಹೆಚ್ಚುತ್ತದೆ. ಬಡಿತದ ಸಂಖ್ಯೆ ಮಾತ್ರ ಏರುವುದಿಲ್ಲ, ಕೊಂಚ ಇಳಿಯುವುದೂ ಉಂಟು. ಅವಸರವಿಲ್ಲದೆ, ತುಂಬಿ ತುಂಬಿ ಬಡಿಯುವ ಹೃದಯ. ನೀರಿಗಿಳಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಎರಡು ಬೆರಳನ್ನು ಗಂಟಲ ಪಕ್ಕ ಇಟ್ಟು ನೋಡಿ, ಅದು ಬೆರಳಿಗೇ ಗೊತ್ತಾಗುತ್ತದೆ.

ಇಪ್ಪತ್ತು ನಿಮಿಷವಾಗುತ್ತಲೇ ಬಹಳ ಜನರಿಗೆ ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ. ಇದು ಚಳಿಯಿಂದ ಮಾತ್ರ ಆಗುವುದಲ್ಲ. ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ ಅವು ಒಂದು ಹಾರ್ಮೋನನ್ನು ಬಿಡುತ್ತವೆ. ಅದು ಮೂತ್ರಪಿಂಡಗಳಿಗೆ ಉಪ್ಪನ್ನೂ ನೀರನ್ನೂ ಹೊರಹಾಕಲು ಹೇಳುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಅಡಾಲ್ಫೊ ಡಿ ಬೋಲ್ಡ್ 1981ರಲ್ಲಿ ಇಲಿಗಳ ಹೃದಯದ ಸಾರದಿಂದ ಇದರ ಗುಣವನ್ನು ತೋರಿಸಿದರು. ಅಲ್ಲಿಯ ತನಕ ಬರೀ ಪಂಪು ಎಂದುಕೊಂಡಿದ್ದ ಹೃದಯ ಹಾರ್ಮೋನು ಸುರಿಸುವ ಗ್ರಂಥಿಯೂ ಹೌದು ಎಂದಾಯಿತು. ಕೊಳದಲ್ಲಿ ನಿಂತಾಗ ನನಗೆ ಇದು ನೆನಪಾಗುತ್ತದೆ, ನೆನಪಾದಾಗಲೆಲ್ಲ ಸಂತೋಷವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ತಕ್ಕಡಿ ಏನು ಹೇಳುತ್ತದೆ? ಬಹಳ ಏನೂ ಹೇಳುವುದಿಲ್ಲ. ಅಧಿಕ ತೂಕದವರು ನೀರಿನಲ್ಲಿ ಮಾಡಿದ ಏರೋಬಿಕ್ಸ್ ಕುರಿತ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಸರಾಸರಿ ಇಳಿದ ತೂಕ ಮೂರು ಕಿಲೋಗೆ ಸ್ವಲ್ಪ ಕಡಿಮೆ, ಸೊಂಟದ ಸುತ್ತಳತೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ತಿಂಗಳಿಗೆ ಹತ್ತು ಕಿಲೋ ಎಂದು ಗೋಡೆಗೆ ಅಂಟಿಸಿದ ಜಾಹೀರಾತು ನೋಡಿದವರಿಗೆ ಇದು ಸಪ್ಪೆ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವಿದೆ. ಐವತ್ತು ದಾಟಿದ, ಬಿಪಿ ಸ್ವಲ್ಪ ಮೇಲಿದ್ದವರು ಹನ್ನೆರಡು ವಾರ ಈಜಿದರು. ಮೇಲಿನ ಬಿಪಿ ಸರಾಸರಿ 131ರಿಂದ 122ಕ್ಕೆ ಇಳಿಯಿತು, ರಕ್ತನಾಳಗಳ ಬಿಗಿತವೂ ತಗ್ಗಿತು. ತೂಕ ಇಳಿಯುವುದನ್ನೇ ಕಾಯುತ್ತಾ ಕೂತವರು ಇದನ್ನೆಲ್ಲ ಗಮನಿಸದೆ, ಏನೂ ಆಗಲಿಲ್ಲ ಎಂದು ಕೊಳ ಬಿಟ್ಟು ಹೋಗುತ್ತಾರೆ. ಹಾಗೆ ಹೋದವರನ್ನು ಕಂಡಿದ್ದೇನೆ, ಹೋಗಬೇಡಿ ಎಂದು ಬೇಡಿಕೊಂಡಿದ್ದೇನೆ. ಮಹಡಿ ಹತ್ತುವಾಗ ನಡುವೆ ನಿಲ್ಲುತ್ತೀರಾ, ರಾತ್ರಿ ನಿದ್ದೆ ಹೇಗಿದೆ, ಕಾಲಿನ ಊತ ಸಂಜೆ ಎಷ್ಟಿದೆ, ಇದನ್ನು ಕೇಳಿಕೊಳ್ಳಿ ಎನ್ನುತ್ತೇನೆ.

ಬಿಪಿ ನೋಡುವುದಕ್ಕೂ ಒಂದು ಕ್ರಮ ಇದೆ. ಸಿಸ್ಟರ್ ತಮ್ಮ ಬಟ್ಟೆ ಚೀಲದಲ್ಲಿ ಮಿಷನ್ ತರುತ್ತಾರೆ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಐದು ನಿಮಿಷ ಸುಮ್ಮನೆ ಕೂರಿಸಿ ತೋಳಿಗೆ ಪಟ್ಟಿ ಸುತ್ತುತ್ತಾರೆ. ಅವರ ಬಳಿ ಎರಡು ಪಟ್ಟಿಗಳಿವೆ, ಮಾಮೂಲಿನದೊಂದು, ಅಗಲವಾದದ್ದೊಂದು. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಷ್ಟು ಸಣ್ಣ ವಿಷಯ ಎಷ್ಟೋ ಕಡೆ ಮರೆತುಹೋಗುತ್ತದೆ, ಬೇಡದ ಮಾತ್ರೆ ಹೆಚ್ಚಾಗುತ್ತದೆ. “ನಿಮ್ಮ ಡಾಕ್ಟರ ಹತ್ತಿರ ದೊಡ್ಡ ಪಟ್ಟೀಲಿ ನೋಡಿ ಅಂತ ಬಾಯಿಬಿಟ್ಟು ಕೇಳಿ, ನಾಚಿಕೋಬೇಡಿ” ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ನಾನೂ ಹೇಳುತ್ತೇನೆ.

ಎಷ್ಟು ಜೋರಾಗಿ ನಡೆಯಬೇಕು ಎಂಬುದಕ್ಕೆ ಕೈಗಡಿಯಾರದ ಲೆಕ್ಕ ನೀರಿನಲ್ಲಿ ಸರಿಹೋಗುವುದಿಲ್ಲ. ಅಷ್ಟೇ ಶ್ರಮಕ್ಕೆ ಇಲ್ಲಿ ನಾಡಿ ನೆಲದ ಮೇಲಿಗಿಂತ ನಿಮಿಷಕ್ಕೆ ಹತ್ತು ಹದಿನೈದು ಕಡಿಮೆ ಇರುತ್ತದೆ. ಬಿಪಿಗೆಂದು ಕೆಲವರು ನುಂಗುವ ಮಾತ್ರೆಗಳೂ ನಾಡಿಯನ್ನು ತಗ್ಗಿಸುತ್ತವೆ. ನಮ್ಮಲ್ಲಿ ದಾಸರ ಪದ ಹಾಡುವವರೊಬ್ಬರಿದ್ದಾರೆ. ನಡೆಯುತ್ತಾ ಅವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಪೂರ್ತಿ ಹಾಡಲು ಉಸಿರು ಸಾಕಾದರೆ ವೇಗ ಸಾಲದು, ಮಾತಾಡಲೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು. ಇದಕ್ಕಿಂತ ಒಳ್ಳೆಯ ಅಳತೆ ನಾನು ಕಂಡಿಲ್ಲ. ಎದೆಯ ಸುತ್ತ ನೀರು ಒತ್ತುವುದರಿಂದ ಉಸಿರೆಳೆಯುವುದೂ ಇಲ್ಲಿ ಕೆಲಸವೇ. ಮೊದಲ ವಾರ ಅದು ಭಾರ ಅನ್ನಿಸುತ್ತದೆ. ರೂಢಿಯಾದ ಮೇಲೆ ಮನೆಯ ಮೆಟ್ಟಿಲಲ್ಲಿ ಅದರ ಲಾಭ ತಿಳಿಯುತ್ತದೆ.

ಆದರೆ ಎಲ್ಲ ಹೃದಯಕ್ಕೂ ಇದು ಹಿಡಿಸುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಎದೆಗೆ ಹಠಾತ್ತಾಗಿ ಮುಕ್ಕಾಲು ಲೀಟರಿನಷ್ಟು ರಕ್ತ ಬರುವುದು ಗಟ್ಟಿ ಹೃದಯಕ್ಕೆ ವ್ಯಾಯಾಮ, ಸೋತ ಹೃದಯಕ್ಕೆ ಹೊರೆ. ಮಲಗಿದರೆ ಉಸಿರು ಕಟ್ಟುವವರು, ಇತ್ತೀಚೆಗೆ ಎದೆನೋವು ಬಂದವರು, ಬಿಪಿ ಹತೋಟಿಗೆ ಬಾರದವರು ಡಾಕ್ಟರನ್ನು ಕೇಳದೆ ನೀರಿಗಿಳಿಯಕೂಡದು. ಸಕ್ಕರೆ ಕಾಯಿಲೆಯವರು ಇಳಿಯುವ ಮೊದಲು ಪಾದದಲ್ಲಿ ಗಾಯ ಇದೆಯೇ ನೋಡಿಕೊಳ್ಳಬೇಕು. ನೀರಿನಲ್ಲೂ ಬೆವರುತ್ತೇವೆ, ಅದು ಕಾಣುವುದಿಲ್ಲವಷ್ಟೆ, ಹಾಗಾಗಿ ದಂಡೆಯಲ್ಲಿ ಕುಡಿಯುವ ನೀರಿನ ಬಾಟಲಿ ಇರಲಿ. ಇನ್ನೊಂದು, ಹಸಿವು. ಮೈಸೂರಿನ ಡಿಸೆಂಬರಿನಲ್ಲಿ ಕೊಳ ತಣ್ಣಗಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಹೀರುತ್ತದೆ, ಹೊರಬಂದರೆ ತಡೆಯಲಾರದ ಹಸಿವು. ಫ್ಲಾರಿಡಾದಲ್ಲಿ 20 ಡಿಗ್ರಿ ನೀರಿನಲ್ಲಿ ಸೈಕಲ್ ತುಳಿದವರು, ಸುಮ್ಮನೆ ಕೂತ ದಿನಕ್ಕಿಂತ 41 ಪ್ರತಿಶತ ಹೆಚ್ಚು ತಿಂದರೆಂದು 2005ರ ಒಂದು ಪ್ರಯೋಗ ತೋರಿಸಿದೆ. ನಾವು ಡಬ್ಬಿಯಲ್ಲಿ ನೆನೆಸಿದ ಹೆಸರುಕಾಳು ಒಯ್ಯುತ್ತೇವೆ, ಹತ್ತು ನಿಮಿಷ ಬಿಸಿಲಿನಲ್ಲಿ ನಡೆದು ಮೈ ಬೆಚ್ಚಗಾದ ಮೇಲೆ ತಿನ್ನುತ್ತೇವೆ. ಹೋಟೆಲಿನ ಮುಂದೆ ಹಾದುಹೋಗುವುದು ಆಗ ಕಷ್ಟವೆನಿಸುವುದಿಲ್ಲ.

ಹತ್ತುವುದು ಇಳಿಯುವುದಕ್ಕಿಂತ ಕಠಿಣ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಭುಜ ಹೊರಗೆ ಬರುತ್ತದೆ, ಕೈಗೆ ತೂಕ ಬರುತ್ತದೆ. ಎರಡನೆಯದಕ್ಕೆ ಹೊಟ್ಟೆ ಹೊರಗೆ, ಸೊಂಟಕ್ಕೆ ತೂಕ. ಮೂರನೆಯದಕ್ಕೆ ಮಂಡಿ ತನ್ನ ಪಾಲನ್ನು ಪೂರ್ತಿ ಹೊರಬೇಕು. ಕಾಲನ್ನು ಒತ್ತಿ ಹಿಡಿದಿದ್ದ ನೀರೂ ಆಗ ಬಿಟ್ಟುಬಿಡುತ್ತದೆ, ರಕ್ತ ಕೆಳಕ್ಕೆ ಜಾರುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತಬಹುದು. ಆದ್ದರಿಂದ ಒಂದೊಂದು ಮೆಟ್ಟಿಲಿಗೂ ಒಂದೆರಡು ಉಸಿರು ನಿಂತು, ಮೇಲೆ ಬಂದ ಕೂಡಲೇ ದಂಡೆಯ ಮೇಲೆ ಕೂರಬೇಕು. ನಮ್ಮ ಕೊಳದಲ್ಲಿರುವುದು ಗೋಡೆಗೆ ನೆಟ್ಟಗೆ ಹಾಕಿದ ಕಬ್ಬಿಣದ ಏಣಿ. ಈಜುಗಾರರಿಗೆ ಅದು ಸಾಕು. ಎಂಬತ್ತು ತೊಂಬತ್ತು ಕಿಲೋದ ಹೆಂಗಸಿಗೆ, ಸವೆದ ಮಂಡಿಗೆ, ಅದು ಬಾಗಿಲು ಹಾಕಿದ ಹಾಗೆಯೇ. ಕೊಳದ ತನಕ ಬಂದು ಏಣಿ ನೋಡಿ ವಾಪಸು ಹೋದವರಿದ್ದಾರೆ. ಆಳವಿಲ್ಲದ ಕಡೆ ಅಗಲವಾದ ನಾಲ್ಕು ಮೆಟ್ಟಿಲು, ಎರಡೂ ಬದಿಗೆ ಹಿಡಿಕೆ, ನಡೆಯುವವರಿಗೆಂದು ಹಗ್ಗ ಕಟ್ಟಿದ ಒಂದು ಸಾಲು, ಇಷ್ಟು ಮಾಡಿಕೊಡಿ ಎಂದು ಕೋಚ್ ಹುಡುಗಿ ಅರ್ಜಿ ಬರೆದಿದ್ದಾಳೆ. ನಾವೆಲ್ಲ ಸಹಿ ಹಾಕಿದ್ದೇವೆ. ಸಿಸ್ಟರ್ ಅದರ ಜೊತೆ ಮೆಟ್ಟಿಲಿನ ಎತ್ತರ, ಅಗಲ ಬರೆದ ನಕ್ಷೆಯನ್ನೂ ಲಗತ್ತಿಸಿದ್ದಾರೆ. ನಮ್ಮ ಬೀದಿಯಲ್ಲೇ ಮಂಡಿ ಆಪರೇಷನ್ ಆದವರಿಬ್ಬರು, ಮೆಟ್ಟಿಲಾದರೆ ತಿಳಿಸಿ, ಬರುತ್ತೇವೆ ಎಂದು ಹೇಳಿಟ್ಟಿದ್ದಾರೆ.